ಒಂದು ಡಾಲರ್‌ಗೆ ಕ್ರೇನ್ ಮಾರಿದ ಊರು, ಮಳೆನೀರಿಗೆ ದಾರಿ ಮಾಡಿಕೊಟ್ಟ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ, ಮೆಟ್ರೋದಲ್ಲಿ ಇದ್ದೀರಾ ಅಂದ್ರೆ ಆರಾಮಾಗಿ ಕೂತ್ಕೊಳ್ಳಿ, ಇವತ್ತು ಒಂದು ಟ್ರಿಪ್ ಹೋಗೋಣ.

ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಅಂತ ಒಂದು ಕೋರ್ಸ್ ಇದೆ. ಕಟ್ಟಡ ಕಟ್ಟೋದನ್ನ ಕಲಿಸೋದು ಆರ್ಕಿಟೆಕ್ಚರ್ ಆದರೆ, ಕಟ್ಟಡಗಳ ನಡುವೆ ಉಳಿಯೋ ಜಾಗವನ್ನ ಏನು ಮಾಡಬೇಕು ಅಂತ ಕಲಿಸೋದು ಇದು. ಪಾರ್ಕು, ರಸ್ತೆ ಬದಿ, ಅಂಗಳ, ಕೆರೆ ದಂಡೆ, ಮಳೆನೀರಿನ ದಾರಿ ಎಲ್ಲವೂ ಇವರ ಸಿಲಬಸ್. ಈ ಕೋರ್ಸ್ ಓದೋ ವಿದ್ಯಾರ್ಥಿಗಳಿಗೆ ಫೀಲ್ಡ್ ಟ್ರಿಪ್ ಅನ್ನೋದು ಪಿಕ್‌ನಿಕ್ ಅಲ್ಲ, ಪಾಠದ ಭಾಗ. ಯುರೋಪಿನಲ್ಲಿ ಸುಸ್ಥಿರ ನಗರ ಹೇಗಿರುತ್ತೆ ಅಂತ ನೋಡೋಕೆ ಹೊರಡೋ ತಂಡಗಳ ಪಟ್ಟಿಯಲ್ಲಿ ಬರೋ ಒಂದು ಊರು ಮಾಲ್ಮೋ. ಸ್ವೀಡನ್ನಿನ ಮೂರನೇ ದೊಡ್ಡ ನಗರ, ದೇಶದ ದಕ್ಷಿಣ ತುದಿಯಲ್ಲಿದೆ. ಎದುರಿಗೇ ಸಮುದ್ರದಾಚೆ ಡೆನ್ಮಾರ್ಕಿನ ಕೋಪನ್‌ಹೇಗನ್. ಮಾಲ್ಮೋ ಪಕ್ಕದಲ್ಲೇ ಆಲ್ನಾರ್ಪ್ ಅನ್ನೋ ಜಾಗದಲ್ಲಿ ಸ್ವೀಡನ್ನಿನ ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಅಲ್ಲೂ ಇದೇ ಕೋರ್ಸ್ ಕಲಿಸ್ತಾರೆ. ಅಲ್ಲಿನ ವಿದ್ಯಾರ್ಥಿಗಳಿಗಂತೂ ಇಡೀ ಮಾಲ್ಮೋ ಒಂದು ತೆರೆದ ಕ್ಲಾಸ್‌ರೂಮ್ ಇದ್ದ ಹಾಗೆ.

ಹಾಗಾದ್ರೆ ಈ ಊರಲ್ಲಿ ಅಂಥದ್ದೇನಿದೆ? ಉತ್ತರ ಸಿಗಬೇಕು ಅಂದ್ರೆ ನೂರು ವರ್ಷಕ್ಕಿಂತ ಹಿಂದೆ ಹೋಗಬೇಕು.

ಮೊದಲ ನಿಲ್ದಾಣ: ವಿಲ್ಲೋ ಮರಗಳ ಕೊಳ

ಊರ ಮಧ್ಯೆ ಪಿಲ್‌ಡಾಮ್ಸ್‌ಪಾರ್ಕನ್ ಅಂತ ಒಂದು ದೊಡ್ಡ ಪಾರ್ಕ್ ಇದೆ. ಹೆಸರಲ್ಲೇ ಅರ್ಥ ಇದೆ, ವಿಲ್ಲೋ ಮರಗಳ ಕೊಳದ ಪಾರ್ಕ್. ಈ ಕೊಳಗಳು ಒಂದು ಕಾಲದಲ್ಲಿ ಊರಿಗೆ ನೀರು ಒದಗಿಸ್ತಿದ್ದವು. 1914ರಲ್ಲಿ ಇದೇ ಜಾಗದಲ್ಲಿ ಬಾಲ್ಟಿಕ್ ಪ್ರದರ್ಶನ ಅಂತ ಭರ್ಜರಿ ಎಕ್ಸಿಬಿಷನ್ ನಡೀತು. ಸ್ವೀಡನ್, ಡೆನ್ಮಾರ್ಕ್, ಜರ್ಮನಿ, ರಷ್ಯಾ, ನಾಲ್ಕೂ ದೇಶಗಳು ತಮ್ಮ ತಮ್ಮ ಸಾಧನೆ ತೋರಿಸೋಕೆ ಬಂದಿದ್ದವು. ಇಸವಿ ನೋಡಿದ್ರೆ ಮುಂದೇನಾಯ್ತು ಅಂತ ನೀವೇ ಊಹಿಸಬಹುದು. ಬೇಸಿಗೆ ಮುಗಿಯೋ ಮೊದಲೇ ಮೊದಲನೇ ಮಹಾಯುದ್ಧ ಶುರುವಾಯ್ತು. ಪ್ರದರ್ಶನಕ್ಕೆ ಬಂದಿದ್ದ ಜರ್ಮನಿ, ರಷ್ಯಾ ಒಂದರ ಮೇಲೊಂದು ಬಂದೂಕು ಎತ್ತಿದವು.

ಯುದ್ಧ ಮುಗಿದ ಮೇಲೆ ಎಕ್ಸಿಬಿಷನ್ ನಡೆದ ಆ ಜಾಗ ಊರಿನವರ ಪಾರ್ಕ್ ಆಯ್ತು. ಈ ಸಣ್ಣ ಸಂಗತಿಯನ್ನ ನೆನಪಲ್ಲಿ ಇಟ್ಕೊಳ್ಳಿ. ಮಾಲ್ಮೋಗೆ ಒಂದು ಅಭ್ಯಾಸ ಇದೆ. ಅದು ಜಗತ್ತನ್ನ ಮನೆಗೆ ಕರೆಯುತ್ತೆ, ದೊಡ್ಡ ಶೋ ಮಾಡುತ್ತೆ, ಶೋ ಮುಗಿದ ಮೇಲೆ ಉಳಿದಿದ್ದನ್ನ ಊರಿನ ಭಾಗ ಮಾಡ್ಕೊಳ್ಳುತ್ತೆ. 87 ವರ್ಷ ಆದ ಮೇಲೆ ಮತ್ತೆ ಇದೇ ಆಯ್ತು.

ಎರಡನೇ ನಿಲ್ದಾಣ: ಕ್ರೇನ್ ಇಲ್ಲದ ಬಂದರು

ಈಗ ಸಮುದ್ರದ ಕಡೆ ನಡೆಯೋಣ. ಈ ಏರಿಯಾಗೆ ವೆಸ್ತ್ರಾ ಹಾಮ್ನೆನ್, ಅಂದ್ರೆ ಪಶ್ಚಿಮ ಬಂದರು ಅಂತ ಹೆಸರು. ಇಲ್ಲಿ ಕೊಕುಮ್ಸ್ ಅನ್ನೋ ಹಡಗು ಕಾರ್ಖಾನೆ ಇತ್ತು. 1840ರಲ್ಲಿ ಕಬ್ಬಿಣ ಎರಕದ ಕೆಲಸದಿಂದ ಶುರುವಾದ ಕಂಪನಿ ಅದು. 20ನೇ ಶತಮಾನದ ಮಧ್ಯಭಾಗಕ್ಕೆ ಬರೋ ಹೊತ್ತಿಗೆ ಜಗತ್ತಿನ ದೊಡ್ಡ ಹಡಗುಕಟ್ಟೆಗಳಲ್ಲಿ ಒಂದಾಗಿತ್ತು. 1970ರ ದಶಕದ ಆರಂಭದಲ್ಲಿ ಇಲ್ಲಿ ಒಂದು ಕ್ರೇನ್ ನಿಲ್ಲಿಸಿದ್ರು. ಎತ್ತರ ಸುಮಾರು 140 ಮೀಟರ್, ಎತ್ತೋ ತಾಕತ್ತು 1500 ಟನ್. ಊರಿನ ಯಾವ ಮೂಲೆಯಿಂದ ನೋಡಿದರೂ ಕ್ರೇನ್ ಕಾಣ್ತಿತ್ತು. ಮಾಲ್ಮೋ ಅಂದ್ರೆ ಕೆಲಸ, ಕೆಲಸ ಅಂದ್ರೆ ಆ ಕ್ರೇನ್.

ಆದರೆ ಟೈಮಿಂಗ್ ನೋಡಿ. ಕ್ರೇನ್ ನಿಲ್ಲಿಸಿದ ಹೊತ್ತಿಗೆ, 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಟ್ಯಾಂಕರ್ ಹಡಗುಗಳಿಗೆ ಬೇಡಿಕೆ ಕುಸೀತು. ಇನ್ನೊಂದು ಕಡೆ ಜಪಾನ್, ಆಮೇಲೆ ಕೊರಿಯಾ ಕಡಿಮೆ ಬೆಲೆಗೆ ಹಡಗು ಕಟ್ಟೋಕೆ ಶುರು ಮಾಡಿದ್ವು. 1980ರ ದಶಕದ ಕೊನೆಯ ಹೊತ್ತಿಗೆ ಮಾಲ್ಮೋದಲ್ಲಿ ವಾಣಿಜ್ಯ ಹಡಗು ಕಟ್ಟೋದೇ ನಿಂತುಹೋಯ್ತು. ಅದೇ ಜಾಗದಲ್ಲಿ ಸಾಬ್ ಕಾರ್ ಫ್ಯಾಕ್ಟರಿ ತಂದ್ರು. 1989ರಲ್ಲಿ ಬಾಗಿಲು ತೆಗೆದ ಆ ಫ್ಯಾಕ್ಟರಿ 1991ರಲ್ಲಿ ಮುಚ್ಚಿತು. ಬರೀ ಎರಡು ವರ್ಷ! ಆಮೇಲೆ ಸ್ವೀಡನ್ನಿಗೆ ಆರ್ಥಿಕ ಬಿಕ್ಕಟ್ಟು ಬಡೀತು. 90ರ ದಶಕದ ಮೊದಲ ಐದು ವರ್ಷದಲ್ಲಿ ಈ ಊರು ತನ್ನ ಉದ್ಯೋಗಗಳಲ್ಲಿ ಸುಮಾರು ಕಾಲು ಭಾಗ ಕಳ್ಕೊಂತು.

ಕ್ರೇನ್ ಕಥೆ ಏನಾಯ್ತು? ಕೊನೇ ಸಲ ಅದು ಕೆಲಸ ಮಾಡಿದ್ದು ಮಾಲ್ಮೋ ಮತ್ತು ಕೋಪನ್‌ಹೇಗನ್ ಜೋಡಿಸೋ ಓರೆಸುಂಡ್ ಸೇತುವೆ ಕಟ್ಟೋವಾಗ. ಆ ಸೇತುವೆ 2000ದ ಜುಲೈನಲ್ಲಿ ಓಪನ್ ಆಯ್ತು. 2002ರಲ್ಲಿ ಕ್ರೇನ್ ಬಿಚ್ಚಿ ಕೊರಿಯಾದ ಉಲ್ಸಾನ್‌ಗೆ ಸಾಗಿಸಿದ್ರು. ಕೊಂಡವರು ಹ್ಯುಂಡೈ ಹೆವಿ ಇಂಡಸ್ಟ್ರೀಸ್. ಬೆಲೆ? 1 ಡಾಲರ್. ಬಿಚ್ಚೋ ಖರ್ಚು, ಸಾಗಿಸೋ ಖರ್ಚು ನಿಮ್ಮದು, ತಗೊಂಡು ಹೋಗಿ ಅಂತ ಲೆಕ್ಕ. ನಾನು ಕಾಮರ್ಸ್ ಓದಿದವನು. ಬುಕ್ ವ್ಯಾಲ್ಯೂ, ಡಿಪ್ರಿಸಿಯೇಷನ್ ಎಲ್ಲ ಗೊತ್ತಿತ್ತು, ಆದರೆ ಒಂದು ಊರಿನ ಹೆಮ್ಮೆಗೆ ಸ್ಕ್ರ್ಯಾಪ್ ವ್ಯಾಲ್ಯೂ ಹಾಕೋದು ಹೇಗೆ ಅಂತ ಯಾವ ಟೆಕ್ಸ್ಟ್‌ಬುಕ್ಕಿನಲ್ಲೂ ಇರಲಿಲ್ಲ. ಕ್ರೇನ್ ಹೊರಟ ದಿನ ಮಾಲ್ಮೋ ಜನ ಅತ್ತರು ಅಂತ ಹೇಳ್ತಾರೆ. ಉಲ್ಸಾನ್‌ನಲ್ಲಿ ಇವತ್ತಿಗೂ ಅದಕ್ಕೆ 'ಮಾಲ್ಮೋದ ಕಣ್ಣೀರು' ಅನ್ನೋ ಹೆಸರಿದೆ.

ಮೂರನೇ ನಿಲ್ದಾಣ: ಹಸಿರಿಗೂ ಮಾರ್ಕ್ಸ್ ಕಾರ್ಡ್

ಕಾರ್ಖಾನೆ ಹೋದ ಮೇಲೆ ಉಳಿದಿದ್ದು ಖಾಲಿ ಜಾಗ, ವಿಷ ಸೇರಿದ ಮಣ್ಣು, ಸಮುದ್ರದ ಗಾಳಿ. 1994ರಿಂದ 2013ರವರೆಗೆ ಊರಿನ ಆಡಳಿತದ ಮುಖ್ಯಸ್ಥನಾಗಿದ್ದವರು ಇಲ್ಮಾರ್ ರೇಪಾಲು. ಅವರ ಕಾಲದಲ್ಲಿ ಊರು ಒಂದು ನಿರ್ಧಾರಕ್ಕೆ ಬಂತು. ಹಳೇ ಉದ್ಯಮ ವಾಪಸ್ ಬರಲ್ಲ, ಹಾಗಾಗಿ ಬೇರೆ ಊರು ಆಗಬೇಕು. 1998ರಲ್ಲಿ ವಿಶ್ವವಿದ್ಯಾಲಯ ಶುರುವಾಯ್ತು. ಬಂದರಿನ ಜಾಗದಲ್ಲಿ 2001ರ ಬೇಸಿಗೆಯಲ್ಲಿ ಬೂ ನೋಲ್ ಎಟ್, ಅಂದ್ರೆ Bo01 ಅಂತ ಬರೆಯೋ ವಸತಿ ಪ್ರದರ್ಶನ ನಡೆಸಿದ್ರು. ಸ್ವೀಡಿಷ್‌ನಲ್ಲಿ 'ಬೂ' ಅಂದ್ರೆ ವಾಸ ಮಾಡೋದು, ನೋಲ್ ಎಟ್ ಅಂದ್ರೆ ಇಸವಿ 01. ಥೀಮ್: ನಾಳೆಯ ನಗರ. ಇದರ ಮುಖ್ಯ ಯೋಜಕ ಕ್ಲಾಸ್ ಥಾಮ್ ಅನ್ನೋ ಆರ್ಕಿಟೆಕ್ಟ್.

ಇಲ್ಲಿಗೆ ಬಂದ ವಿದ್ಯಾರ್ಥಿ ಮೊದಲು ಗಮನಿಸೋದು ಗಾಳಿ. ಸಮುದ್ರದ ಅಂಚಿನಲ್ಲಿ ನಿಂತರೆ ಟೋಪಿ ಹಾರಿಹೋಗುತ್ತೆ. ನಾಲ್ಕು ಹೆಜ್ಜೆ ಒಳಗೆ ಹೋದ್ರೆ ಗಾಳಿ ಇಲ್ಲ. ಯಾಕೆ ಅಂದ್ರೆ, ದಂಡೆ ಮೇಲೆ ಎತ್ತರದ ಕಟ್ಟಡಗಳನ್ನ ಗೋಡೆ ಥರ ನಿಲ್ಲಿಸಿದ್ದಾರೆ. ಒಳಗೆ ಸಣ್ಣ ಸಣ್ಣ ಮನೆ, ಅಂಕುಡೊಂಕು ಓಣಿ, ಹಳೇ ಕಾಲದ ಪೇಟೆ ಥರ. ನೇರ ರಸ್ತೆ ಇದ್ದಿದ್ರೆ ಗಾಳಿಗೆ ಹೈವೇ ಸಿಕ್ಕ ಹಾಗಾಗ್ತಿತ್ತು.

ಆಮೇಲೆ ಒಂದು ಲೆಕ್ಕ. ಪ್ರತಿ ಬಿಲ್ಡರ್‌ಗೂ 'ಹಸಿರು ಅಂಶ' ಅನ್ನೋ ಸ್ಕೋರ್ ಕಡ್ಡಾಯ ಮಾಡಿದ್ರು. ಈ ಐಡಿಯಾ ಬಂದಿದ್ದು ಬರ್ಲಿನ್‌ನಿಂದ. ನಿಮ್ಮ ಸೈಟಿನ ಪ್ರತಿ ಚದರ ಮೀಟರ್‌ಗೂ ಮಾರ್ಕ್ಸ್ ಇದೆ. ನೆಲದ ಮೇಲಿನ ಗಿಡ, ಹುಲ್ಲಿಗೆ 1. ಹಸಿರು ಚಾವಣಿಗೆ 0.8. ಗೋಡೆ ಮೇಲೆ ಹಬ್ಬೋ ಬಳ್ಳಿಗೆ 0.7. ನೀರು ಇಂಗದ ಟಾರು, ಕಾಂಕ್ರೀಟಿಗೆ ಸೊನ್ನೆ. ಎಲ್ಲ ಕೂಡಿ ಸರಾಸರಿ ಕನಿಷ್ಠ 0.5 ಬರಬೇಕು. ಬಿಕಾಂ ಓದಿದವರಿಗೆ ಗೊತ್ತಾಗಿರುತ್ತೆ, ಇದು ಪಕ್ಕಾ ವೆಯ್ಟೆಡ್ ಆವರೇಜ್.

ಒಂದು ಉದಾಹರಣೆ ಮಾಡೋಣ. 1000 ಚದರ ಮೀಟರ್ ಸೈಟು. 400ರಲ್ಲಿ ಕಟ್ಟಡ, 300 ಕಾಂಕ್ರೀಟು, 300 ತೋಟ. ಸ್ಕೋರ್ 0.3, ಫೇಲ್. ಅದೇ ಕಟ್ಟಡದ ತಲೆ ಮೇಲೆ ಹುಲ್ಲು ಬೆಳೆಸಿ. 400 ಗುಣಿಸು 0.8, 320 ಬಂತು. ತೋಟದ 300 ಸೇರಿಸಿ, ಒಟ್ಟು 620. ಸ್ಕೋರ್ 0.62, ಪಾಸ್. ಒಂದಿಂಚು ಜಾಗ ಜಾಸ್ತಿ ಆಗಲಿಲ್ಲ, ಆದರೆ ಸೈಟು ಮಳೆನೀರನ್ನ ಹಿಡಿಯೋಕೆ ಶುರು ಮಾಡ್ತು.

ಆದರೆ ಬಿಲ್ಡರ್ ಬುದ್ಧಿ ಎಲ್ಲೂ ಬಿಲ್ಡರ್ ಬುದ್ಧಿನೇ ಅಲ್ವಾ? ಬರೀ ಲಾನ್ ಹಾಕಿ ಮಾರ್ಕ್ಸ್ ಹೊಡೆದುಬಿಟ್ರೆ? ಅದಕ್ಕೇ ಎರಡನೇ ಪರೀಕ್ಷೆ ಇತ್ತು. 35 'ಹಸಿರು ಅಂಕ'ಗಳ ಪಟ್ಟಿ ಕೊಟ್ಟು, ಅದರಲ್ಲಿ 10 ಆರಿಸಿ ಮಾಡಲೇಬೇಕು ಅಂದ್ರು. ಪ್ರತಿ ಫ್ಲಾಟಿಗೂ ಒಂದು ಹಕ್ಕಿಗೂಡು. ಬಾವಲಿಗಳಿಗೆ ಪೆಟ್ಟಿಗೆ. ಅಂಗಳದಲ್ಲಿ ಕನಿಷ್ಠ 50 ಬಗೆಯ ಸ್ವೀಡಿಷ್ ಕಾಡುಗಿಡ. ತರಕಾರಿ ಬೆಳೆಯೋಕೆ ಜಾಗ. ನೋಡಿ, ಮೊದಲ ಪರೀಕ್ಷೆ ಎಷ್ಟು ಹಸಿರು ಅಂತ ಕೇಳುತ್ತೆ, ಎರಡನೇದು ಯಾರಿಗಾಗಿ ಹಸಿರು ಅಂತ ಕೇಳುತ್ತೆ.

ಇದು ಫೋಟೋದಲ್ಲಿ ಸೂಪರ್. 2005ರಲ್ಲಿ ಇಲ್ಲಿ ಟರ್ನಿಂಗ್ ಟಾರ್ಸೊ ಅನ್ನೋ 190 ಮೀಟರ್ ಎತ್ತರದ, ತಿರುಚಿದ ಟವರ್ ಕೂಡ ಬಂತು. ಹೋದ ಕ್ರೇನಿನ ಜಾಗಕ್ಕೆ ಹೊಸ ಗುರುತು. ಆದರೆ ಒಳ್ಳೇ ವಿದ್ಯಾರ್ಥಿ ಫೋಟೋ ತೆಗೆದು ವಾಪಸ್ ಬರಲ್ಲ, ಲೆಕ್ಕ ನೋಡ್ತಾನೆ. ಲೆಕ್ಕದಲ್ಲಿ ಎರಡು ತಕರಾರು ಇವೆ. ಒಂದು, ಕರೆಂಟು ಮತ್ತು ಶಾಖ. ವರ್ಷಕ್ಕೆ ಚದರ ಮೀಟರಿಗೆ 105 ಯೂನಿಟ್ ದಾಟಬಾರದು ಅಂತ ಗುರಿ ಇತ್ತು. ಜನ ಬಂದು ವಾಸ ಶುರು ಮಾಡಿದ ಮೇಲೆ ಅಳೆದಾಗ ಎಷ್ಟೋ ಕಟ್ಟಡಗಳು ಅದನ್ನ ದಾಟಿದ್ದವು. ಸಮುದ್ರ ಕಾಣಲಿ ಅಂತ ಇಟ್ಟ ದೊಡ್ಡ ದೊಡ್ಡ ಗಾಜಿನ ಕಿಟಕಿಗಳು ಶಾಖವನ್ನ ಹೊರಗೆ ಬಿಡ್ತವೆ. ಎರಡನೇದು, ಬೆಲೆ. ಸಮುದ್ರದ ಎದುರಿನ ಮನೆ ಯಾರ ಕೈಗೆ ಎಟುಕುತ್ತೆ? ಕೆಲಸ ಕಳ್ಕೊಂಡ ಹಡಗು ಕಾರ್ಮಿಕನಿಗಂತೂ ಅಲ್ಲ. ಇದೇ ವಿಮರ್ಶೆ ಮೊದಲಿಂದಲೂ ಕೇಳಿಬಂತು.

ಹಾಗಾಗಿ ನನ್ನ ಪ್ರಕಾರ ಈ ಟ್ರಿಪ್ಪಿನ ಅಸಲಿ ಪಾಠ ಇಲ್ಲಿಲ್ಲ. ಬನ್ನಿ, ಊರಿನ ಇನ್ನೊಂದು ಮೂಲೆಗೆ ಹೋಗೋಣ.

ನಾಲ್ಕನೇ ನಿಲ್ದಾಣ: ಅಗುಸ್ಟೆನ್‌ಬೋರಿ

ಎರಡನೇ ಮಹಾಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ ಮಾಲ್ಮೋದ ಮುನಿಸಿಪಲ್ ವಸತಿ ಕಂಪನಿ ಕಟ್ಟಿದ ಬಡಾವಣೆ ಇದು. ಸುಮಾರು 1800 ಫ್ಲಾಟ್, ಎಲ್ಲ ಬಾಡಿಗೆಗೆ. ಕಟ್ಟಿದಾಗ ಕಾರ್ಮಿಕರ ಕುಟುಂಬಗಳಿಗೆ ಕನಸಿನ ಮನೆ. 80, 90ರ ದಶಕಕ್ಕೆ ಬರೋ ಹೊತ್ತಿಗೆ ಕೆಲಸ ಇಲ್ಲ, ಗೋಡೆ ಹಾಳು, ಬಾಡಿಗೆದಾರರು ಬರ್ತಾರೆ, ಹೋಗ್ತಾರೆ. ಅದರ ಮೇಲೆ ಇನ್ನೊಂದು ಸಮಸ್ಯೆ: ಜೋರು ಮಳೆ ಬಂದ್ರೆ ಬೇಸ್‌ಮೆಂಟಿಗೆ ಕೊಳಚೆ ನುಗ್ಗೋದು.

ಯಾಕೆ ನುಗ್ತಿತ್ತು? ಹಳೇ ಬಡಾವಣೆಗಳಲ್ಲಿ ಮಳೆನೀರು ಮತ್ತು ಟಾಯ್ಲೆಟ್ ನೀರು ಎರಡಕ್ಕೂ ಒಂದೇ ಪೈಪ್. ಮಾಮೂಲಿ ದಿನ ಏನೂ ತೊಂದರೆ ಇಲ್ಲ. ಜೋರು ಮಳೆ ಬಂದಾಗ ಪೈಪ್ ತುಂಬುತ್ತೆ, ನೀರು ಹಿಂದಕ್ಕೆ ತಳ್ಳುತ್ತೆ, ತಗ್ಗಿನಲ್ಲಿರೋ ಬೇಸ್‌ಮೆಂಟಿನ ಮೋರಿಯಿಂದ ಮೇಲೆ ಉಕ್ಕುತ್ತೆ. ಸಾಮಾನ್ಯ ಪರಿಹಾರ ಅಂದ್ರೆ ರಸ್ತೆ ಅಗೆದು ಇನ್ನೂ ದಪ್ಪ ಪೈಪ್ ಹಾಕೋದು.

1998ರಲ್ಲಿ ಶುರುವಾದ ಯೋಜನೆ ಉಲ್ಟಾ ಯೋಚಿಸಿತು. ಮಳೆನೀರು ಪೈಪಿಗೆ ಹೋಗಲೇಬೇಕು ಅಂತ ಯಾರು ಹೇಳಿದ್ದು? ಚಾವಣಿಯಿಂದ ಇಳಿಯೋ ಪೈಪಿನ ಕಾಲು ಕತ್ತರಿಸಿದ್ರು. ನೀರು ನೆಲದ ಮೇಲೇ ತೆರೆದ ಸಣ್ಣ ಕಾಲುವೆಗೆ ಬಿತ್ತು. ಕಾಲುವೆಯಿಂದ ಕೊಳಕ್ಕೆ, ಕೊಳದಿಂದ ಹುಲ್ಲಿನ ತಗ್ಗಿಗೆ, ಅಲ್ಲಿಂದ ನಿಧಾನಕ್ಕೆ ಮುಂದಕ್ಕೆ. ಒಟ್ಟು ಸುಮಾರು 6 ಕಿಲೋಮೀಟರ್ ಕಾಲುವೆ, 10 ಕೊಳ. ಶಾಲೆಯ ಅಂಗಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿರೋ ಬಯಲು ರಂಗಮಂದಿರ ಇದೆ. ಬಿಸಿಲಿದ್ದಾಗ ಮಕ್ಕಳು ಅಲ್ಲಿ ಕೂತ್ಕೊತಾರೆ, ಅತಿ ಮಳೆ ಬಂದಾಗ ನೀರು ಬಂದು ಕೂತ್ಕೊಳ್ಳುತ್ತೆ. ನಮ್ಮ ಕಲ್ಯಾಣಿ ನೋಡಿದವರಿಗೆ ಇದು ಥಟ್ಟಂತ ಅರ್ಥ ಆಗುತ್ತೆ. ಪಕ್ಕದಲ್ಲೇ ಇರೋ ನಗರಸಭೆಯ ವರ್ಕ್‌ಶಾಪ್ ಕಟ್ಟಡಗಳ ಮೇಲೆ 9500 ಚದರ ಮೀಟರ್ ಹಸಿರು ಚಾವಣಿ ಬೆಳೆಸಿದ್ರು. ಅದು 2001ರಲ್ಲಿ ಓಪನ್ ಆಯ್ತು. ಸೀಡಮ್ ಅನ್ನೋ ದಪ್ಪ ಎಲೆಯ ಗಿಡ, ಕೆಳಗೆ ಕೆಲವೇ ಸೆಂಟಿಮೀಟರ್ ಮಣ್ಣು. ಮಳೆ ಬಿದ್ದಾಗ ಸ್ಪಂಜಿನ ಥರ ಹೀರಿ, ಬಿಸಿಲು ಬಂದಾಗ ಗಾಳಿಗೆ ಬಿಟ್ಟುಬಿಡುತ್ತೆ.

ಹೇಳೋಕೆ ಸುಲಭ. ಆದರೆ ಇದು ಖಾಲಿ ಜಾಗ ಅಲ್ಲ, ಜನ ಇರೋ ಜಾಗ. ಜನ ಪ್ರಶ್ನೆ ಕೇಳಿದ್ರು. ಮಕ್ಕಳು ಕೊಳಕ್ಕೆ ಬಿದ್ರೆ? ನಿಂತ ನೀರು ಪಾಚಿ ಕಟ್ಟಿದ್ರೆ? ನಾವು ಆಡೋ ಜಾಗನ ಯಾಕೆ ಅಗೀತೀರಾ? ಪಾಚಿ ಸಮಸ್ಯೆ ನಿಜಕ್ಕೂ ಬಂತು. ಹಾಗಾಗಿ ಪ್ಲಾನ್ ಮಾಡಿ ತಂದು ತೋರಿಸೋದಲ್ಲ, ಜನರ ಜೊತೆ ಕೂತು ಪ್ಲಾನ್ ಮಾಡೋ ಪದ್ಧತಿ ಬಂತು. ಸಭೆ, ವರ್ಕ್‌ಶಾಪ್, ಶಾಲಾ ಮಕ್ಕಳ ಜೊತೆ ಕೆಲಸ. ಕಾಲುವೆಯ ವಿನ್ಯಾಸ ಸುಧಾರಿಸಿದವರಲ್ಲಿ ಅಲ್ಲೇ ವಾಸ ಮಾಡ್ತಿದ್ದ ಒಬ್ಬ ನಿವಾಸಿಯೂ ಇದ್ದರು. ಒಟ್ಟು ಖರ್ಚು ಸುಮಾರು 20 ಕೋಟಿ ಸ್ವೀಡಿಷ್ ಕ್ರೋನಾ. ಇದರಲ್ಲಿ ದೊಡ್ಡ ಪಾಲು ಹಾಕಿದ್ದು ಆ ಮುನಿಸಿಪಲ್ ವಸತಿ ಕಂಪನಿ. 2010ರಲ್ಲಿ ಈ ಬಡಾವಣೆಗೆ ವರ್ಲ್ಡ್ ಹ್ಯಾಬಿಟ್ಯಾಟ್ ಅವಾರ್ಡ್ ಬಂತು. ಮನೆಗಳು ಇವತ್ತಿಗೂ ಬಾಡಿಗೆ ಮನೆಗಳೇ.

ಪರೀಕ್ಷೆ ಬಂದ ದಿನ

ಅವಾರ್ಡ್ ಎಲ್ಲ ಸರಿ, ಮಳೆರಾಯ ಸರ್ಟಿಫಿಕೇಟ್ ನೋಡಲ್ಲ. ಮೊದಲ ಪರೀಕ್ಷೆ ಬರೆದಿದ್ದು ಎದುರು ದಂಡೆಯ ಕೋಪನ್‌ಹೇಗನ್. 2011ರ ಜುಲೈ 2. ಎರಡು ಮೂರು ಗಂಟೆಯಲ್ಲಿ ಕೆಲವು ಕಡೆ ಸುಮಾರು 150 ಮಿಲಿಮೀಟರ್ ಮಳೆ. ರಸ್ತೆಗಳು ನದಿಯಾದವು, ಬೇಸ್‌ಮೆಂಟುಗಳು ಮುಳುಗಿದವು. ನಷ್ಟ ನೂರಾರು ಕೋಟಿ ಡ್ಯಾನಿಶ್ ಕ್ರೋನ್. ಇದೇನು ಯೋಜನೆ ಗೊತ್ತಿಲ್ಲದ ಊರಲ್ಲ. 1947ರಲ್ಲೇ 'ಬೆರಳು ಯೋಜನೆ' ಮಾಡಿದ್ದ ಊರು. ಅಂಗೈ ಹಳೇ ಪೇಟೆ, ಐದು ಬೆರಳುಗಳ ಉದ್ದಕ್ಕೂ ರೈಲು ಮತ್ತು ಮನೆ, ಬೆರಳುಗಳ ಸಂದಿಯಲ್ಲಿ ಹೊಲ, ಕಾಡು, ಪಾರ್ಕು. 1962ರಲ್ಲಿ ಸ್ಟ್ರೋಯೆಟ್ ಅನ್ನೋ ಮುಖ್ಯ ಪೇಟೆ ಬೀದಿಯಿಂದ ಕಾರುಗಳನ್ನ ಹೊರಗೆ ಹಾಕಿ ನಡೆಯೋರಿಗೆ ಬಿಟ್ಟುಕೊಟ್ಟ ಊರು. ಅಂಥ ಊರೇ ನೀರಿನ ಮುಂದೆ ಸೋತಿತು.

ಮೂರು ವರ್ಷಕ್ಕೆ ಮಾಲ್ಮೋ ಸರದಿ. 2014ರ ಆಗಸ್ಟ್ 31. ಕೆಲವೇ ಗಂಟೆಯಲ್ಲಿ ಸುಮಾರು 100 ಮಿಲಿಮೀಟರ್. ಊರಿನ ಎಷ್ಟೋ ಕಡೆ ನೀರು ನುಗ್ಗಿತು. ಅಗುಸ್ಟೆನ್‌ಬೋರಿಯ ಕಾಲುವೆಗಳನ್ನ ಇಷ್ಟು ದೊಡ್ಡ ಮಳೆಗೆ ಅಂತ ಲೆಕ್ಕ ಹಾಕಿ ಕಟ್ಟಿರಲೇ ಇಲ್ಲ. ಆದರೂ ಆಮೇಲೆ ಸಂಶೋಧಕರು ಇನ್ಶೂರೆನ್ಸ್ ಕ್ಲೇಮುಗಳನ್ನ ತೆಗೆದು ಹೋಲಿಸಿದಾಗ, ಹಳೇ ಪೈಪ್ ವ್ಯವಸ್ಥೆ ಇದ್ದ ಅಕ್ಕಪಕ್ಕದ ಬಡಾವಣೆಗಳಿಗಿಂತ ಇಲ್ಲಿ ಹಾನಿ ತುಂಬಾ ಕಡಿಮೆ ಇತ್ತು. ಪೈಪು ತುಂಬಿದ್ರೆ ನೀರಿಗೆ ಹಿಂದಕ್ಕೆ ಬರೋದು ಬಿಟ್ಟು ಬೇರೆ ದಾರಿ ಇಲ್ಲ. ಕಾಲುವೆ ತುಂಬಿದ್ರೆ ಹುಲ್ಲಿನ ಮೇಲೆ ಹರಡೋಕೆ ಜಾಗ ಇದೆ. ವ್ಯತ್ಯಾಸ ಇಷ್ಟೇ.

ಕೋಪನ್‌ಹೇಗನ್ ಕೂಡ ಪಾಠ ಕಲೀತು. 2012ರಲ್ಲಿ ಮೇಘಸ್ಫೋಟ ಯೋಜನೆ ಮಾಡಿತು. ಸುಮಾರು 300 ಕಾಮಗಾರಿ, ಇಪ್ಪತ್ತು ವರ್ಷದ ಲೆಕ್ಕ. ಅದರಲ್ಲಿ ಒಂದು ಎಂಗ್‌ಹೇವ್ ಪಾರ್ಕ್. 1920ರ ದಶಕದ ಹಳೇ ಪಾರ್ಕ್ ಅದು. ಅದರ ರೂಪ ಕೆಡಿಸದೇ, ಸುತ್ತ ಸಣ್ಣ ಗೋಡೆ ಕಟ್ಟಿ, ನೆಲ ತಗ್ಗಿಸಿ, 2019ರಲ್ಲಿ ಮತ್ತೆ ಓಪನ್ ಮಾಡಿದ್ರು. ಈಗ ಅದು ಮಹಾಮಳೆ ಬಂದಾಗ 22 ಸಾವಿರ ಘನ ಮೀಟರಿಗಿಂತ ಹೆಚ್ಚು ನೀರು ಹಿಡಿದಿಡಬಲ್ಲದು. ಅಂದ್ರೆ 2 ಕೋಟಿ 20 ಲಕ್ಷ ಲೀಟರ್. 12 ಸಾವಿರ ಲೀಟರಿನ ನೀರಿನ ಟ್ಯಾಂಕರ್ ನಿಮಗೆ ಗೊತ್ತಿದ್ರೆ, ಅಂಥ 1800ಕ್ಕೂ ಹೆಚ್ಚು ಟ್ಯಾಂಕರ್. ಉಳಿದ ದಿನ ಅಲ್ಲಿ ಮಕ್ಕಳು ಆಟ ಆಡ್ತಾರೆ.

ಟ್ರಿಪ್ ಮುಗಿಸೋ ಮೊದಲು

ಈಗ ಎರಡನ್ನೂ ಪಕ್ಕಪಕ್ಕ ಇಡೋಣ. ಪಶ್ಚಿಮ ಬಂದರಿನಲ್ಲಿ ಖಾಲಿ ಜಾಗ ಇತ್ತು, ಎಕ್ಸಿಬಿಷನ್ ಇತ್ತು, ಜಗತ್ತು ನೋಡ್ತಿತ್ತು. ಅಲ್ಲಿಂದ ಬಂದಿದ್ದು ಒಳ್ಳೇ ನಿಯಮಗಳು. ಹಸಿರು ಅಂಶದ ಲೆಕ್ಕವನ್ನ ಆಮೇಲೆ ಅಮೆರಿಕದ ಸಿಯಾಟಲ್ ಥರದ ಊರುಗಳೂ ತಮ್ಮದೇ ರೀತಿಯಲ್ಲಿ ಅಳವಡಿಸ್ಕೊಂಡವು. ಅದನ್ನ ಕಡೆಗಣಿಸೋ ಹಾಗಿಲ್ಲ. ಆದರೆ ಜಗತ್ತಿನ ಬಹುಪಾಲು ಜನ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟಿದ ಊರಲ್ಲಿ ಇಲ್ಲ. ಅವರೆಲ್ಲ ಈಗಾಗಲೇ ಕಟ್ಟಿಯಾಗಿರೋ, ಪೈಪ್ ಹಳೇದಾಗಿರೋ, ಬಾಡಿಗೆ ಕಟ್ಟೋಕೂ ಕಷ್ಟ ಪಡೋ ಬಡಾವಣೆಗಳಲ್ಲಿ ಇದ್ದಾರೆ. ಸುಸ್ಥಿರ ನಗರ ಅನ್ನೋ ಮಾತಿಗೆ ಅರ್ಥ ಇದೆಯೋ ಇಲ್ಲವೋ ಅಂತ ತೀರ್ಮಾನ ಆಗೋದು ಅಲ್ಲಿ. ಅಗುಸ್ಟೆನ್‌ಬೋರಿ ದೊಡ್ಡದಾಗೋದು ಇದಕ್ಕೇ. ಅಲ್ಲಿ ಯಾರನ್ನೂ ಎಬ್ಬಿಸಲಿಲ್ಲ, ಕಟ್ಟಡ ಕೆಡವಲಿಲ್ಲ. ಇದ್ದ ಮನೆ, ಇದ್ದ ಜನ, ಇದ್ದ ಅಂಗಳ. ಬದಲಾಗಿದ್ದು ನೀರಿನ ದಾರಿ.

ಅದಕ್ಕೇ ಅಲ್ಲಿಗೆ ಬರೋ ವಿದ್ಯಾರ್ಥಿಗಳು ತಲೆ ಎತ್ತಿ ಟವರ್ ನೋಡೋದಕ್ಕಿಂತ ತಲೆ ಬಗ್ಗಿಸಿ ನೆಲ ನೋಡಬೇಕು. ಇಳಿಜಾರು ಯಾವ ಕಡೆ? ಕಾಲುವೆ ಎಲ್ಲಿ ತಿರುಗುತ್ತೆ? ನೀರು ಎಲ್ಲಿ ನಿಲ್ಲುತ್ತೆ, ಎಷ್ಟು ಹೊತ್ತು? ಆ ಕೊಳದ ಪಕ್ಕದ ಬೆಂಚಿನ ಮೇಲೆ ಯಾರು ಕೂತಿದ್ದಾರೆ? ಇಷ್ಟು ನೋಡೋಕೆ ಡಿಗ್ರಿ ಬೇಡ. ಮುಂದಿನ ಜೋರು ಮಳೆ ಬಂದಾಗ, ಸೇಫ್ ಆಗಿರೋ ಒಂದು ಜಾಗದಲ್ಲಿ ನಿಂತು, ನಿಮ್ಮ ಬೀದಿಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ಹತ್ತು ನಿಮಿಷ ಗಮನಿಸಿ. ನೋಡಿದ್ದನ್ನ ನನಗೆ ವಾಯ್ಸ್ ನೋಟ್ ಮಾಡಿ ಕಳಿಸಿ, ಒಳ್ಳೇದಿದ್ರೆ ಮುಂದೊಂದು ಎಪಿಸೋಡಿನಲ್ಲಿ ಹಾಕೋಣ.

ಇವತ್ತಿಗೆ ಇಷ್ಟು. ಇಷ್ಟ ಆದ್ರೆ ಒಬ್ಬ ಫ್ರೆಂಡಿಗೆ ಫಾರ್ವರ್ಡ್ ಮಾಡಿ.